ಆನೆ ಮೊದಲು, ಟ್ರ್ಯಾಕ್ಟರ್ ಆಮೇಲೆ

ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿ ಹತ್ತೊಂಬತ್ತು ವರ್ಷವಾಯಿತು. ಬೆಳಿಗ್ಗೆ ಹಾಜರಿ ಹಿಡಿದು ಆಳುಗಳನ್ನು ಕೆಲಸಕ್ಕೆ ಹಚ್ಚುವುದು, ಮಸ್ಟರ್ ಅಂದರೆ ಹಾಜರಿ ಪುಸ್ತಕ ಬರೆಯುವುದು, ಸಂಜೆ ಹಣ್ಣು ತೂಗುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು ರೈಟರ್ ಕೆಲಸ. ದೊಡ್ಡ ಯಜಮಾನರು ಇರುವವರೆಗೂ ಇದೆಲ್ಲ ಕನ್ನಡದಲ್ಲೇ ನಡೆಯಿತು. ಅವರು ತೀರಿಕೊಂಡ ಮೇಲೆ ತೋಟ ಮಗನ ಕೈಗೆ ಬಂತು. ಚಿಕ್ಕ ಯಜಮಾನರು ಇರುವುದು ಸಿಂಗಪುರದಲ್ಲಿ. ಚಿಕ್ಕಂದಿನಿಂದ ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವರು, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಹಾಗಾಗಿ ದಿನದ ವರದಿಯನ್ನು ನಾನು ಇಂಗ್ಲಿಷಿನಲ್ಲಿ ಬರೆದು ವಾಟ್ಸ್ಆಪ್ ಮಾಡಬೇಕಾಯಿತು.

ನಾನು ಓದಿದ್ದು ಆಲೂರು ಕಡೆಯ ಸರ್ಕಾರಿ ಶಾಲೆಯಲ್ಲಿ. ನಮ್ಮ ಕಾಲಕ್ಕೆ ಎ ಬಿ ಸಿ ಡಿ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ. ಹಾಗಂತ ಪದಗಳಿಗೆ ಬರವಿರಲಿಲ್ಲ. ಪಲ್ಪರ್, ಪಾರ್ಚ್‌ಮೆಂಟ್, ಚೆರ್ರಿ, ಬೋರರ್, ಸ್ಪ್ರೇ, ಶೇಡು, ಲೈನು ಅಂತ ತೋಟದಲ್ಲಿ ಅಕ್ಷರ ಗೊತ್ತಿಲ್ಲದ ಅಜ್ಜಿಯೂ ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಪದ ಆಡುತ್ತಾಳೆ. ಪದ ಗೊತ್ತಿದ್ದರೆ ಭಾಷೆ ಗೊತ್ತಿದ್ದ ಹಾಗೆ ಅಂತಲೇ ನಾನೂ ತಿಳಿದಿದ್ದೆ.

ಒಂದು ಡಿಸೆಂಬರ್, ಅರೇಬಿಕಾ ಕೊಯ್ಲು ಜೋರಾಗಿದ್ದ ಹೊತ್ತು. ಬೆಳಗಿನ ಜಾವ ಒಂಟಿ ಸಲಗವೊಂದು ಕಣದವರೆಗೂ ಬಂದು, ನಿಲ್ಲಿಸಿದ್ದ ಟ್ರ್ಯಾಕ್ಟರಿಗೆ ಗುದ್ದಿತು. ಮುಂದಿನ ಜಾಲರಿ ಒಳಕ್ಕೆ ಹೋಯಿತು, ಹಿಂದಿನ ಟ್ರೈಲರ್ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಗೋಡೆಗೆ ಒರಗಿ ನಿಂತಿತು. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ. ಆನೆ ಏಲಕ್ಕಿ ಪಟ್ಟೆ ದಾಟಿ ಹಳ್ಳದ ಕಡೆ ಇಳಿದು ಹೋಯಿತು. ನಾನು ಕೈ ನಡುಗುತ್ತಲೇ ಫೋನ್ ತೆಗೆದೆ. ತಲೆಯಲ್ಲಿ ಇದ್ದದ್ದು ನಾವು ಬಾಯಲ್ಲಿ ಹೇಳುವ ಮಾತು: ‘ಬೆಳಿಗ್ಗೆ ಟ್ರ್ಯಾಕ್ಟರಿಗೆ ಗುದ್ದಿಬಿಟ್ಟಿದೆ ಸಾರ್, ಆನೆ.’ ಅದಕ್ಕೆ ಸರಿಯಾಗಿ ಒಂದರ ಹಿಂದೆ ಒಂದು ಪದ ಇಟ್ಟು ಕಳಿಸಿದೆ: ‘ಟುಡೇ ಮಾರ್ನಿಂಗ್ ಟ್ರ್ಯಾಕ್ಟರ್ ಹಿಟ್ ಎಲಿಫೆಂಟ್ ಸರ್.’

ಎರಡೇ ನಿಮಿಷಕ್ಕೆ ಫೋನ್ ಬಂತು. ಆನೆ ಬದುಕಿದೆಯಾ? ಎಷ್ಟು ಪೆಟ್ಟಾಗಿದೆ? ಆ ಹೊತ್ತಿಗೆ ಗಾಡಿ ತೆಗೆದವರು ಯಾರು? ಡ್ರೈವರ್ ಕುಡಿದಿದ್ದನಾ? ನನಗೆ ಒಂದೂ ಅರ್ಥವಾಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಇರುವ ಪ್ರಾಣಿ ಆನೆ. ಅದಕ್ಕೆ ಗಾಯವಾದರೆ ಏನಾಗುತ್ತದೆ ಅನ್ನುವುದು ಕಾಡಂಚಿನ ತೋಟದವರಿಗೆಲ್ಲ ಗೊತ್ತು. ನಾನು ಸರಿಯಾಗಿ ಉತ್ತರ ಕೊಡುವ ಮೊದಲೇ ಬೆಂಗಳೂರಿನ ವಕೀಲರೊಬ್ಬರಿಗೆ ಯಜಮಾನರು ಫೋನ್ ಮಾಡಿಯಾಗಿತ್ತು, ಡ್ರೈವರನ್ನು ತೋಟ ಬಿಟ್ಟು ಹೋಗಲು ಬಿಡಬೇಡಿ ಎಂದು ಹೇಳಿಯಾಗಿತ್ತು.

ಆ ಡ್ರೈವರ್ ನಮ್ಮಲ್ಲಿ ಹನ್ನೊಂದು ವರ್ಷದಿಂದ ಇದ್ದವನು. ಕುಡಿತ ಅವನ ಹತ್ತಿರ ಸುಳಿದದ್ದಿಲ್ಲ. ಕಣದ ಅಂಚಿನ ಕಟ್ಟೆ ಮೇಲೆ ಕೂತು, ಎರಡೂ ಕೈ ಮೊಣಕಾಲ ನಡುವೆ ಸಿಗಿಸಿಕೊಂಡು, ‘ನಾನು ಗಾಡಿ ಮುಟ್ಟೇ ಇಲ್ಲ ರೈಟ್ರೇ, ಕೀ ಇನ್ನೂ ಮನೇಲೇ ಇದೆ’ ಅಂತ ಅದನ್ನೇ ಅದನ್ನೇ ಹೇಳುತ್ತಿದ್ದ. ಫೋಟೊ ಕಳಿಸಿ, ಕನ್ನಡದಲ್ಲೇ ಬಿಡಿಸಿ ಹೇಳಿದ ಮೇಲೆ ಅರ್ಧ ಗಂಟೆಯಲ್ಲಿ ವಿಷಯ ತಿಳಿಯಾಯಿತು. ಯಜಮಾನರು ಅವನ ಹತ್ತಿರ ತಾವೇ ಮಾತಾಡಿ ಬೇಜಾರು ಮಾಡಿಕೊಳ್ಳಬೇಡ ಎಂದರು. ಆದರೂ ಅವನು ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ.

ರಾತ್ರಿ ಕೂತು ಆ ಸಾಲನ್ನು ಎಷ್ಟು ಸಲ ಓದಿದೆನೋ. ಒಂದೊಂದು ಪದವೂ ಸರಿಯಾಗಿತ್ತು. ಸ್ಪೆಲಿಂಗ್ ಸರಿಯಾಗಿತ್ತು. ತಪ್ಪು ಎಲ್ಲಿದೆ ಅಂತಲೇ ನನಗೆ ಕಾಣಲಿಲ್ಲ.

ಮುಂದಿನ ವಾರದಿಂದ ಹಾಸನಕ್ಕೆ ಹೋಗಿ ಇಂಗ್ಲಿಷ್ ಮಾತಾಡಲು ಕಲಿಸುವ ಒಂದು ತರಗತಿಗೆ ಸೇರಿದೆ. ವಾರಕ್ಕೊಂದು ದಿನ, 40 ಕಿಲೋಮೀಟರ್ ಬಸ್ಸು, ಮೂರು ತಿಂಗಳು. ಮೊದಲ ದಿನವೇ ಹನ್ನೆರಡು ಕಾಲಗಳ ದೊಡ್ಡ ಪಟ್ಟಿ ಕೊಟ್ಟರು. ‘ಹ್ಯಾಡ್ ಬೀನ್ ಗೋಯಿಂಗ್’ವರೆಗೂ ಬಾಯಿಪಾಠ ಮಾಡಿದೆ. ತೋಟಕ್ಕೆ ಬಂದು ವರದಿ ಬರೆಯಲು ಕೂತರೆ ಆ ಪಟ್ಟಿಯಿಂದ ಒಂದು ಸಾಲೂ ಏಳಲಿಲ್ಲ. ಕಲಿಸುವವರು ಶ್ರದ್ಧೆಯಿಂದಲೇ ಕಲಿಸುತ್ತಿದ್ದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗೋಡೆಯೇ ಏಳದ ಮನೆಗೆ ಯಾವ ಬಣ್ಣ ಹೊಡೆಯಬೇಕು ಅಂತ ಹೇಳಿಕೊಟ್ಟ ಹಾಗಾಯಿತು. ನಮ್ಮ ಕಡೆ ಇಂಗ್ಲಿಷ್ ಕಲಿಯಲು ಹೊರಟ ಎಷ್ಟೋ ಜನ ಅರ್ಧಕ್ಕೆ ಬಿಡುವುದು ಇಲ್ಲೇ ಅಂತ ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತದೆ.

ದಾರಿ ಸಿಕ್ಕಿದ್ದು ಸಕಲೇಶಪುರದಲ್ಲೇ. ಹೇಮಾವತಿ ಹೊಳೆಗೆ ಮುಖ ಮಾಡಿದ ಒಂದು ಹೆಂಚಿನ ಮನೆಯಲ್ಲಿ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿ ನಿವೃತ್ತರಾದ ಒಬ್ಬ ಟೀಚರ್ ಇದ್ದಾರೆ. ಅವರ ಮನೆಗೆ ಕಾಫಿಪುಡಿ ಕೊಡಲು ಹೋದಾಗ ಆನೆಯ ವಿಷಯ ಹೇಳಿದೆ. ಅವರು ನಗಲಿಲ್ಲ. ‘ಆ ಹುಡುಗನಿಗೆ ಎಷ್ಟು ಹೆದರಿಕೆ ಆಗಿರಬೇಕು’ ಅಂದರು. ಆಮೇಲೆ, ‘ಬರೋ ಭಾನುವಾರ ಬನ್ನಿ ರೈಟ್ರೇ, ಬರುವಾಗ ನಿಮ್ಮ ಮಸ್ಟರ್ ಪುಸ್ತಕ ತನ್ನಿ’ ಅಂದರು.

ಆ ಭಾನುವಾರ ಅವರು ಮೂರು ಚೀಟಿ ಹರಿದು, ‘ಆನೆ’, ‘ಟ್ರ್ಯಾಕ್ಟರಿಗೆ’, ‘ಗುದ್ದಿತು’ ಅಂತ ಬರೆದು ಮೇಜಿನ ಮೇಲಿಟ್ಟರು. ‘ಹೇಗೆ ಬೇಕಾದರೂ ಜೋಡಿಸಿ’ ಅಂದರು. ಆನೆ ಟ್ರ್ಯಾಕ್ಟರಿಗೆ ಗುದ್ದಿತು. ಟ್ರ್ಯಾಕ್ಟರಿಗೆ ಆನೆ ಗುದ್ದಿತು. ಗುದ್ದಿತು ಆನೆ ಟ್ರ್ಯಾಕ್ಟರಿಗೆ. ಹೇಗಿಟ್ಟರೂ ಗುದ್ದಿದ್ದು ಆನೆಯೇ. ಆಮೇಲೆ ‘ಗೆ’ ಅನ್ನುವ ಅಕ್ಷರದ ಮೇಲೆ ಬೆರಳಿಟ್ಟು ಹೇಳಿದರು: ‘ಯಾರು ಗುದ್ದಿದ್ದು, ಯಾರಿಗೆ ಗುದ್ದಿದ್ದು ಅಂತ ಕನ್ನಡದಲ್ಲಿ ಹೇಳೋದು ಇದು. ಅನ್ನು, ಇಂದ, ಗೆ, ಅಲ್ಲಿ, ಈ ಪ್ರತ್ಯಯಗಳು ಪದದ ಬೆನ್ನಿಗೇ ಅಂಟಿಕೊಂಡು ಇರ್ತವೆ. ಪದ ಎಲ್ಲಿಗೆ ಹೋದ್ರೂ ಜೊತೆಗೇ ಹೋಗ್ತವೆ. ಇಂಗ್ಲಿಷಲ್ಲಿ ಟ್ರ್ಯಾಕ್ಟರ್ ಬರೀ ಟ್ರ್ಯಾಕ್ಟರ್, ಆನೆ ಬರೀ ಆನೆ. ಯಾರು ಯಾವ ಜಾಗದಲ್ಲಿ ಕೂತಿದ್ದಾರೆ ಅನ್ನೋದೇ ಅಲ್ಲಿ ವಿಭಕ್ತಿ. ಕ್ರಿಯಾಪದದ ಮುಂದೆ ಕೂತವರು ಮಾಡಿದವರು, ಹಿಂದೆ ಕೂತವರು ಮಾಡಿಸಿಕೊಂಡವರು.’

ನನಗೆ ಮೈ ಜುಮ್ಮೆಂದಿತು. ನಾನು ‘ಗೆ’ ಬಿಟ್ಟು, ಟ್ರ್ಯಾಕ್ಟರನ್ನು ಗುದ್ದುವವನ ಜಾಗದಲ್ಲಿ ಕೂರಿಸಿದ್ದೆ. ಅದರ ಪಕ್ಕದಲ್ಲೇ, ಪಾಪ, ಡ್ರೈವರನ್ನೂ.

ಅವತ್ತು ಅವರು ಹಲ್ಮಿಡಿ ಶಾಸನದ ಮಾತು ತೆಗೆದರು. ನಮ್ಮದೇ ಜಿಲ್ಲೆ, ಬೇಲೂರು ತಾಲ್ಲೂಕು. ಸುಮಾರು ಕ್ರಿ.ಶ. 450ರದ್ದು ಎನ್ನಲಾಗುವ ಆ ಕಲ್ಲಿನಲ್ಲಿ ಪಲ್ಮಡಿ, ಮೂೞಿವಳ್ಳಿ ಎಂಬ ಹಳ್ಳಿಗಳನ್ನು ವಿಜ ಅರಸನಿಗೆ ದಾನ ಕೊಟ್ಟ ಸಂಗತಿ ಇದೆ. ಅಲ್ಲಿ ‘ಅರಸಂಗೆ’ ಅನ್ನುವುದು ಮೊದಲು ಬರುತ್ತದೆ, ಕೊಟ್ಟ ಹಳ್ಳಿಗಳು ಆಮೇಲೆ, ‘ಕೊಟ್ಟಾರ್’ ಅನ್ನುವುದು ಕಟ್ಟಕಡೆಗೆ. ಸಾವಿರದ ಐನೂರು ವರ್ಷದ ಹಿಂದೆಯೂ ಕನ್ನಡದವನು ಕ್ರಿಯಾಪದವನ್ನು ಕೊನೆಗೇ ಇಟ್ಟಿದ್ದ, ಯಾರಿಗೆ ಅನ್ನುವುದನ್ನು ‘ಗೆ’ಯಲ್ಲೇ ಹೇಳಿದ್ದ. ಇವತ್ತು ನಮ್ಮ ತೋಟದ ಅಜ್ಜಿ ‘ಮೊಮ್ಮಗನಿಗೆ ರೊಟ್ಟಿ ಕೊಟ್ಟೆ’ ಅನ್ನುವುದೂ ಅದೇ ಸಾಲಿನಲ್ಲಿ. ಮೂಲ ಕಲ್ಲು ಈಗ ಊರಿನಲ್ಲಿಲ್ಲ, ಅಲ್ಲಿ ಅದರ ಪ್ರತಿಕೃತಿ ಇದೆ. ಆಮೇಲೊಂದು ದಿನ ನಾನೇ ಹಲ್ಮಿಡಿಗೆ ಹೋಗಿ ಅದನ್ನು ನೋಡಿ ಬಂದೆ. ಇಷ್ಟು ಹಳೆಯ ರೂಢಿ ನಾಲಿಗೆಯಲ್ಲಿ ಇರುವಾಗ ಒಂದು ವಾರದಲ್ಲಿ ಬೇರೆ ಕ್ರಮ ಹಿಡಿಯಲಿಲ್ಲ ಅಂತ ಯಾಕೆ ಕೊರಗಬೇಕು?

ಇಂಗ್ಲಿಷಿಗೂ ಒಂದು ಕಾಲದಲ್ಲಿ ಇಂಥ ಪ್ರತ್ಯಯಗಳು ಇದ್ದವಂತೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾಮಪದದ ರೂಪ ನೋಡಿಯೇ ಮಾಡಿದವರು ಯಾರು ಎಂದು ಹೇಳಬಹುದಿತ್ತು, ಆದ್ದರಿಂದ ಪದಗಳು ಹಿಂದೆ ಮುಂದೆ ಓಡಾಡಬಹುದಿತ್ತು. ಶತಮಾನಗಳಲ್ಲಿ ಆ ಕೊನೆಗಳು ಸವೆದು ಹೋದವು, ಪದಗಳ ಜಾಗ ಗಟ್ಟಿಯಾಯಿತು. ಸವೆಯದೆ ಉಳಿದ ಚೂರುಗಳು ಐ–ಮಿ, ಹಿ–ಹಿಮ್, ವಿ–ಅಸ್ ಎಂಬಂಥ ಜೋಡಿಗಳು. ಇದು ಗೊತ್ತಾದ ಮೇಲೆ ನನಗೆ ಇಂಗ್ಲಿಷ್ ಮೇಲಿದ್ದ ಭಯ ಅರ್ಧ ಹೋಯಿತು.

ಮಸ್ಟರ್ ಪುಸ್ತಕ ತರಿಸಿದ್ದು ಯಾಕೆ ಅಂತ ಆಮೇಲೆ ತಿಳಿಯಿತು. ಮಸ್ಟರ್ ಅಂದರೆ ಮನೆ ಹಾಕಿದ ಹಾಳೆ, ಒಂದೊಂದು ಮನೆಗೂ ಒಂದೊಂದು ವಿಷಯ. ಟೀಚರ್ ಒಂದು ಖಾಲಿ ಹಾಳೆಗೆ ಹಾಗೆಯೇ ಗೆರೆ ಎಳೆದು ಐದು ಮನೆ ಮಾಡಿದರು. ಯಾರು, ಏನು ಮಾಡಿದರು, ಏನನ್ನು, ಎಲ್ಲಿ, ಯಾವಾಗ. ‘ಇನ್ನು ಒಂದು ತಿಂಗಳು ಮೊದಲ ಎರಡು ಮನೆ ಮಾತ್ರ ತುಂಬಿ’ ಅಂದರು.

ಲಾರಿ ಕೇಮ್. ಪಂಪ್ ಸ್ಟಾಪ್ಡ್. ವರ್ಕರ್ಸ್ ಲೆಫ್ಟ್. ದಿನಕ್ಕೆ ಹತ್ತು ಸಾಲು, ಎಲ್ಲವೂ ಎರಡೇ ಪದದ್ದು. ಮೂವತ್ತೆಂಟು ವರ್ಷದ ಗಂಡಸು ಹೀಗೆ ಬರೆಯುತ್ತ ಕೂರಬೇಕಾ ಅಂತ ಮೊದಮೊದಲು ಸಂಕಟವಾಗುತ್ತಿತ್ತು. ನನಗೆ ‘ಎ’, ‘ದ’ ಎಲ್ಲಿ ಹಾಕಬೇಕು ಅನ್ನುವ ಚಿಂತೆ ಬಹಳ. ಕೇಳಿದರೆ ಅವರು ತಿದ್ದುತ್ತಲೇ ಇರಲಿಲ್ಲ. ‘ದ ಬಿಟ್ರೆ ಯಾರೂ ವಕೀಲರಿಗೆ ಫೋನ್ ಮಾಡಲ್ಲ. ಅದು ಆಮೇಲೆ’ ಅಂದರು. ಸ್ಪೆಲಿಂಗ್ ತಪ್ಪಿದರೂ ಬಿಡುತ್ತಿದ್ದರು, ಕಾಲ ತಪ್ಪಿದರೂ ಬಿಡುತ್ತಿದ್ದರು. ಜಾಗ ತಪ್ಪಿದರೆ ಮಾತ್ರ ಕೆಂಪು ಪೆನ್ನು.

ಎರಡನೇ ತಿಂಗಳಿಗೆ ಉಳಿದ ಮನೆಗಳು ತೆರೆದವು. ಆವಾಗ ನಾನೇ ಒಂದು ಸಂಗತಿ ಕಂಡುಕೊಂಡೆ, ಇಷ್ಟು ದಿನದ ಕಲಿಕೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಅದು. ‘ಹೆಂಗಸರು ನಿನ್ನೆ ಕಣದಲ್ಲಿ ಕಾಫಿ ಹರಡಿದರು.’ ಇದರಲ್ಲಿ ‘ಹೆಂಗಸರು’ ಅನ್ನುವುದನ್ನು ಇದ್ದಲ್ಲೇ ಬಿಟ್ಟು, ಉಳಿದದ್ದನ್ನು ಬಾಲದಿಂದ ಓದಬೇಕು. ಹರಡಿದರು, ಕಾಫಿ, ಕಣದಲ್ಲಿ, ನಿನ್ನೆ. ‘ವಿಮೆನ್ ಸ್ಪ್ರೆಡ್ ಕಾಫಿ ಇನ್ ದ ಯಾರ್ಡ್ ಯೆಸ್ಟರ್ಡೇ.’ ಅಲ್ಲಿಗೆ ವಾಕ್ಯ ತಾನಾಗಿ ಬಂದು ಕೂತಿತು! ‘ಕಣದಲ್ಲಿ’ ಅನ್ನುವುದರ ಒಳಗೂ ಅದೇ. ನಮ್ಮ ‘ಅಲ್ಲಿ’ ಕಣದ ಹಿಂದೆ, ಅವರ ‘ಇನ್’ ಕಣದ ಮುಂದೆ. ‘ಬಂಗಲೆ ಹಿಂದಿನ ಗೋಡೌನಿನ ಕೀ’ ಅಂದರೆ ‘ಕೀ ಆಫ್ ದ ಗೋಡೌನ್ ಬಿಹೈಂಡ್ ದ ಬಂಗಲೋ’, ಕೀಯಿಂದ ಶುರುವಾಗಿ ಬಂಗಲೆಗೆ ಹೋಗಿ ಮುಟ್ಟುತ್ತದೆ. ‘ನಿನ್ನೆ ಬಂದ ಲಾರಿ’ ಅಲ್ಲಿ ‘ದ ಲಾರಿ ದಟ್ ಕೇಮ್ ಯೆಸ್ಟರ್ಡೇ.’ ‘ಆನೆ ಬಂದಿದೆ ಅಂತ ವಾಚರ್ ಹೇಳಿದ’ ಅನ್ನುವಾಗ ನಾವು ಹೇಳಿದವನನ್ನು ಕೊನೆಗೆ ತರುತ್ತೇವೆ, ಅವರು ‘ದ ವಾಚರ್ ಸೆಡ್’ ಅಂತ ಅವನನ್ನು ಮೊದಲು ನಿಲ್ಲಿಸಿ ಆಮೇಲೆ ಆನೆಯನ್ನು ಕರೆಯುತ್ತಾರೆ.

ಇದನ್ನು ಟೀಚರಿಗೆ ತೋರಿಸಿದಾಗ ಅವರು ಹಾಳೆಯನ್ನು ಬಹಳ ಹೊತ್ತು ಹಿಡಿದು ನೋಡಿದರು. ‘ಸರಿಯಾಗಿದೆ. ಆದರೆ ಕೆಂಪು ಹಣ್ಣು ಅಂತ ಬರೆದು ಬಾಲದಿಂದ ಓದಬೇಡಿ’ ಅಂದರು. ಹೌದು, ಬಣ್ಣ, ಗಾತ್ರ, ಗುಣ ಹೇಳುವ ಬಿಡಿ ಪದ ಎರಡೂ ಭಾಷೆಯಲ್ಲಿ ಮುಂದೆಯೇ ಕೂರುತ್ತದೆ. ಕೆಂಪು ಹಣ್ಣು, ರೆಡ್ ಫ್ರೂಟ್.

ಕಷ್ಟ ಶುರುವಾದದ್ದು ಮೊದಲ ಮನೆಯಲ್ಲೇ. ಕನ್ನಡದಲ್ಲಿ ‘ಯಾರು’ ಅನ್ನುವ ಮನೆ ಖಾಲಿ ಬಿಟ್ಟರೂ ನಡೆಯುತ್ತದೆ. ‘ಬಂದೆ’ ಅಂದರೆ ನಾನು, ‘ಬಂದಳು’ ಅಂದರೆ ಅವಳು, ಕ್ರಿಯಾಪದದ ಬಾಲವೇ ಹೇಳಿಬಿಡುತ್ತದೆ. ಇಂಗ್ಲಿಷಿನ ‘ಕೇಮ್’ ಎಲ್ಲರಿಗೂ ಒಂದೇ, ಆದ್ದರಿಂದ ಆ ಮನೆ ಖಾಲಿ ಇರುವ ಹಾಗಿಲ್ಲ. ಕೂರಲು ಯಾರೂ ಇಲ್ಲದಿದ್ದರೂ ‘ಇಟ್’ ಅಂತ ಒಂದನ್ನು ತಂದು ಕೂರಿಸಲೇಬೇಕು. ‘ಮಳೆ ಬರ್ತಿದೆ’ಗೆ ‘ಇಟ್ ಈಸ್ ರೈನಿಂಗ್’. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿತ್ತೋ ಇಲ್ಲವೋ ಅನ್ನುವುದರ ಮೇಲೆ ನಮ್ಮ ಇಡೀ ವರ್ಷದ ಬೆಳೆ ನಿಂತಿದೆ. ಅಂಥ ಮಳೆಯ ಜಾಗದಲ್ಲಿ ಹೆಸರಿಲ್ಲದ ‘ಇಟ್’ ಕೂತಿದೆಯಲ್ಲ ಅಂತ ನನಗೆ ಎಷ್ಟೋ ದಿನ ಒಪ್ಪಿಗೆಯಾಗಲಿಲ್ಲ. ಹಾಗೆಯೇ ಎರಡನೇ ಮನೆ. ‘ಅವರು ನಮ್ಮ ಮ್ಯಾನೇಜರ್’ ಅನ್ನುವ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಇಂಗ್ಲಿಷಿನಲ್ಲಿ ‘ಈಸ್’ ಇಲ್ಲದೆ ಅದು ವಾಕ್ಯವೇ ಅಲ್ಲ.

ಇದಕ್ಕಿಂತ ಹೆಚ್ಚು ಎಡವಿದ್ದು ‘ನನಗೆ’ ಅನ್ನುವಲ್ಲಿ. ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವು, ನನಗೆ ಜ್ವರ. ಕನ್ನಡದಲ್ಲಿ ಹಸಿವು, ಜ್ವರ, ತಿಳಿವು ಎಲ್ಲ ತಾವಾಗಿ ನಮ್ಮ ಹತ್ತಿರ ಬರುತ್ತವೆ, ನಾವು ಸುಮ್ಮನೆ ಇರುತ್ತೇವೆ. ನಾನು ‘ಟು ಮಿ ಫೀವರ್’ ಅಂತ ಬರೆಯುತ್ತಿದ್ದೆ. ಇಂಗ್ಲಿಷ್ ಆ ಮನುಷ್ಯನನ್ನೇ ಎಬ್ಬಿಸಿ ಮೊದಲ ಮನೆಗೆ ತರುತ್ತದೆ: ಐ ನೋ, ಐ ವಾಂಟ್, ಐ ಆಮ್ ಹಂಗ್ರಿ, ಐ ಹ್ಯಾವ್ ಫೀವರ್. ‘ನಮ್ಮಲ್ಲಿ 40 ಆಳು ಇದ್ದಾರೆ’ ಅನ್ನುವುದು ‘ವಿ ಹ್ಯಾವ್ 40 ವರ್ಕರ್ಸ್’ ಆಗುತ್ತದೆ. ಇಂಥವನ್ನು ಒಂದು ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬೇರೆಯಾಗಿಯೇ ಬರೆದಿಟ್ಟೆ. ಈಗಲೂ ಹೊಸದೊಂದು ಸಿಕ್ಕರೆ ಅಲ್ಲಿಗೆ ಸೇರಿಸುತ್ತೇನೆ.

ಪ್ರಶ್ನೆ ಕೇಳುವುದಕ್ಕೆ ಪೂರ್ತಿ ಎರಡು ತಿಂಗಳು ಹಿಡಿಯಿತು. ನಮ್ಮದು ಸುಲಭ, ‘ಬಂತು’ ಅನ್ನುವುದಕ್ಕೆ ಒಂದು ‘ಆ’ ಸೇರಿಸಿದರೆ ‘ಬಂತಾ?’ ಆಯಿತು, ಜಾಗ ಯಾವುದೂ ಅಲುಗುವುದಿಲ್ಲ. ಇಂಗ್ಲಿಷಿನಲ್ಲಿ ‘ಡಿಡ್’ ಅನ್ನುವುದು ಎಲ್ಲರಿಗಿಂತ ಮುಂದೆ ಬಂದು ನಿಲ್ಲಬೇಕು, ಅದು ಬಂದ ಕೂಡಲೇ ‘ಕೇಮ್’ ತನ್ನ ಭೂತಕಾಲವನ್ನು ಅದಕ್ಕೆ ಬಿಟ್ಟುಕೊಟ್ಟು ‘ಕಮ್’ ಆಗಬೇಕು. ‘ಡಿಡ್ ದ ಲಾರಿ ಕಮ್?’ ಇದು ಬರವಣಿಗೆಯಲ್ಲಿ ಬಂತು, ಬಾಯಲ್ಲಿ ಬರಲಿಲ್ಲ. ಟೀಚರ್ ಹೇಳಿದ ಉಪಾಯ ಮಾಡಿದೆ. ಸಂಜೆ ಹಣ್ಣು ತೂಗುವಾಗ ಪ್ರತಿ ಮೂಟೆಗೂ ಮನಸ್ಸಿನಲ್ಲೇ ಒಂದು ಪ್ರಶ್ನೆ. ಡಿಡ್ ಶಿ ಪಿಕ್ ದಿಸ್? ಡಿಡ್ ದೇ ಫಿನಿಶ್ ದ ಬ್ಲಾಕ್? ತಕ್ಕಡಿ ಮುಳ್ಳು ನಿಲ್ಲುವುದರೊಳಗೆ ಪ್ರಶ್ನೆ ಮುಗಿಯಬೇಕು. ಕೊಯ್ಲು ಮುಗಿಯುವ ಹೊತ್ತಿಗೆ ನಾಲಿಗೆ ತಿರುಗಿತ್ತು.

ಮಾತಾಡುವಾಗ ಇನ್ನೊಂದು ಗಮನಕ್ಕೆ ಬಂತು. ಕನ್ನಡದಲ್ಲಿ ನಾನು ‘ನಿನ್ನೆ, ಆ ಕೆಳಗಿನ ಬ್ಲಾಕಲ್ಲಿ, ಆ ಹೊಸ ಪಂಪನ್ನ...’ ಅಂತ ಎಳೆಯುತ್ತ ಹೋಗಬಹುದು. ರಿಪೇರಿ ಮಾಡಿಸಿದೆವು ಅನ್ನಬೇಕಾ, ವಾಪಸ್ ಕಳಿಸಿದೆವು ಅನ್ನಬೇಕಾ ಅಂತ ಕೊನೆಯ ಗಳಿಗೆಯವರೆಗೂ ಯೋಚಿಸಲು ಸಮಯವಿದೆ. ಇಂಗ್ಲಿಷಿನಲ್ಲಿ ಬಾಯಿ ತೆರೆದ ಎರಡನೇ ಪದಕ್ಕೇ ಏನಾಯಿತು ಅನ್ನುವುದನ್ನು ಹೇಳಿಬಿಡಬೇಕು. ನಮ್ಮ ಕಡೆಯವರು ಇಂಗ್ಲಿಷ್ ಮಾತಾಡಲು ಹೋಗಿ ಮೊದಲ ಪದದಲ್ಲೇ ತಡವರಿಸಿ ನಿಲ್ಲುವುದು ದಡ್ಡತನದಿಂದ ಅಲ್ಲ. ಕೊನೆಗೆ ಇಡುವುದನ್ನು ಮೊದಲೇ ಹುಡುಕಬೇಕಲ್ಲ, ಆ ಹುಡುಕಾಟಕ್ಕೆ ಅಷ್ಟು ಹೊತ್ತು ಬೇಕು. ಈ ಒಂದು ಮಾತನ್ನು ನನಗೆ ಹೈಸ್ಕೂಲಿನಲ್ಲಿ ಯಾರಾದರೂ ಹೇಳಿದ್ದರೆ ನಾನು ಇಪ್ಪತ್ತು ವರ್ಷ ಹಿಂಜರಿಯುತ್ತಿರಲಿಲ್ಲ. ಈಗ ಸರ್ಕಾರಿ ಶಾಲೆಯಲ್ಲೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಇದೆ. ಲೈನ್ ಮನೆಯ, ಅಂದರೆ ತೋಟದ ಆಳುಗಳ ಮನೆಸಾಲಿನ ಮಕ್ಕಳು ಪ್ರಶ್ನೋತ್ತರವನ್ನು ಗಿಳಿಪಾಠ ಒಪ್ಪಿಸುತ್ತವೆ. ‘ನಿಮ್ಮಪ್ಪ ಎಲ್ಲಿ’ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಸುಮ್ಮನೆ ನಿಲ್ಲುತ್ತವೆ. ಅವುಗಳ ಮುಖದಲ್ಲಿ ನಾನು ನನ್ನನ್ನೇ ನೋಡುತ್ತೇನೆ, ಹೊಟ್ಟೆ ಚುರ್ರೆನ್ನುತ್ತದೆ. ಭಾನುವಾರ ಸಂಜೆ ನಾಲ್ಕೈದು ಮಕ್ಕಳನ್ನು ಕಣದ ಕಟ್ಟೆ ಮೇಲೆ ಕೂರಿಸಿಕೊಂಡು ಐದು ಮನೆಯ ಹಾಳೆ ಕೊಡುತ್ತಿದ್ದೇನೆ. ಅದರಲ್ಲಿ ಡ್ರೈವರನ ಮಗಳೂ ಒಬ್ಬಳು.

ಎ, ದ ಈಗಲೂ ನನಗೆ ತಪ್ಪುತ್ತವೆ. ಉದ್ದದ ವಾಕ್ಯ ಬಂದರೆ ತುಂಡು ಮಾಡಿ ಎರಡಾಗಿ ಬರೆಯುತ್ತೇನೆ. ಚಿಕ್ಕ ಯಜಮಾನರು ವರದಿಗೆ ಮರುಪ್ರಶ್ನೆ ಕೇಳುವುದು ನಿಂತು ಬಹಳ ದಿನವಾಯಿತು.

ಕಳೆದ ಜನವರಿಯಲ್ಲಿ ಮತ್ತೆ ಆನೆ ಬಂತು. ಈ ಸಲ ಟ್ರ್ಯಾಕ್ಟರನ್ನು ಮುಟ್ಟಲಿಲ್ಲ, ನರ್ಸರಿಯ ಬೇಲಿ ಮುರಿದು ಎರಡು ಸಾಲು ಗಿಡ ತುಳಿದು ಹೋಯಿತು. ನಾನು ಬೇಲಿಯ ಹತ್ತಿರ ನಿಂತು ಫೋನ್ ತೆಗೆದಾಗ ಡ್ರೈವರ್ ಬಂದು ಪಕ್ಕದಲ್ಲಿ ನಿಂತ. ಪರದೆಯ ಮೇಲೆ ಬಗ್ಗಿ ನೋಡಿ, ಮೆಲ್ಲಗೆ, ‘ಮೊದ್ಲು ಆನೆ ಬರೀರಿ ರೈಟ್ರೇ’ ಅಂದ.

‘ಆನ್ ಎಲಿಫೆಂಟ್’ ಅಂತ ಬರೆದು ಅವನಿಗೆ ತೋರಿಸಿದೆ. ಅವನು ತಲೆಯಾಡಿಸಿದ ಮೇಲೆ ‘ಬ್ರೋಕ್ ದ ನರ್ಸರಿ ಫೆನ್ಸ್’ ಅಂತ ಸೇರಿಸಿ ಕಳಿಸಿದೆ.